ಮಡಿಯ ಹಾಡು, ಮೈಲಿಗೆಯ ಹಾಡು

ನಮ್ಮ ಕಾಕಾ ಏಕಾದಶಿಯ ದಿನ ಗುಡಿಗಿಂತ ಮೊದಲು ಇಂಟರ್‌ನೆಟ್ ಅಂಗಡಿಗೆ ಹೋಗುತ್ತಿದ್ದರು ಎಂದರೆ ನಂಬುತ್ತೀರಾ? ಸೇಡಂನಲ್ಲಿ ಯಾರನ್ನಾದರೂ ಕೇಳಿ! "ಇವತ್ತ ಊಟದ ಕಾಟ ಇಲ್ಲ, ಕೂತು ಕೆಲಸ ಮಾಡಬಹುದು" ಎಂಬುದು ಅವರ ಲೆಕ್ಕ.

ಕೆಲಸವೇನು? ಚಿಂಚೋಳಿಯ ಮಾಸ್ತರರೊಬ್ಬರು ನಮ್ಮ ಕಡೆಯ ಹೆಂಗಸರ ಹಾಡುಗಳನ್ನು ಟೇಪಿನಲ್ಲಿ ಹಿಡಿದು ವೆಬ್‌ಸೈಟಿಗೆ ಹಾಕಿದ್ದರು. ನಮ್ಮ ಅವ್ವನ ಆರತಿ ಹಾಡೂ ಅದರಲ್ಲಿತ್ತು. ಕಾಕಾ ಎಲ್ಲವನ್ನೂ ಸಿ.ಡಿ.ಗೆ ಇಳಿಸಿಕೊಂಡರು.

"ಅದು ಎಲ್ಲಿ ಓಡಿ ಹೋಗ್ತದರಿ ಕಾಕಾ?" ಎಂದೆ. ಮನೆಯಲ್ಲಿ ಎಲ್ಲರೂ ನನ್ನನ್ನು ಕರೆಯುವುದು ತಂಗಿ ಎಂದೇ.

"ಮನಿ ಬಿದ್ರ ಶಹಾಬಾದ ಕಲ್ಲರ ಉಳೀತಾವ ತಂಗಿ, ಇದು ಬಿದ್ರ ಏನೂ ಉಳ್ಯಂಗಿಲ್ಲ. ನಾಳೆ ಓದೋ ಮಕ್ಕಳು ಹುಡುಕ್ಕೊಂತ ಬಂದ್ರ ಏನ್ ಕೊಡ್ತಿ, ಮೆಂತ್ಯದ ಹಿಟ್ಟ?"

ಬಜಾರದಿಂದ ಬಂದ ಸಿ.ಡಿ.ಗೆ ತುಳಸಿ ನೀರು ಚಿಮುಕಿಸಿ ದೇವರ ಪೆಟ್ಟಿಗೆಯ ಪಕ್ಕ ಇಟ್ಟರು. ಅಲ್ಲಿಗೆ ಅದು ಮಡಿಯಾಯಿತು. ಇನ್ನು ಅದನ್ನು ಮಡಿಯುಟ್ಟೇ ಮುಟ್ಟಬೇಕು. ಮಡಿಯುಟ್ಟು ಬಜಾರಕ್ಕೆ ಹೋಗುವಂತಿಲ್ಲ. ಕಂಪ್ಯೂಟರ್ ಇರುವುದು ಬಜಾರದಲ್ಲಿ! ಕೇಳುವುದು ಹೇಗೆ? ಕೊನೆಗೆ ಇನ್ನೊಂದು ಪ್ರತಿ ಮಾಡಿಸಿ, ಇದು ಮೈಲಿಗೆಯದು ಎಂದು ಪಡಸಾಲೆಯ ಗೂಟದ ಕೈಚೀಲದಲ್ಲಿಟ್ಟರು. ಓಣಿಯೆಲ್ಲ ನಕ್ಕಿತು.

ಅವ್ವ ತೀರಿಕೊಂಡ ವರ್ಷ ದಸರೆಯಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಮಡಿಯ ಸಿ.ಡಿ.ಗೆ ಗಂಧ, ಕುಂಕುಮ ಏರಿಸಿದರು. ಮರುದಿನ ದೇವರ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿದರು!

"ಹ್ಯಾಂಗ ಬೆಳ್ಳಗಾತು ನೋಡ್ರಿ!"

"ಪುಣ್ಯಾತ್ಗಿತ್ತಿ, ಹಾಡೆಲ್ಲ ತೊಳದಿಯಲ್ಲ!"

ಮತ್ತೆ ಇಳಿಸಿಕೊಂಡರಾಯಿತು ಎಂದು ಮುಂದಿನ ಏಕಾದಶಿಗೆ ಅಂಗಡಿಗೆ ಹೋದರೆ ಸೈಟೇ ಇಲ್ಲ! ಮಾಸ್ತರರು ಹೋದ ಮೇಲೆ ಅದನ್ನು ನೋಡಿಕೊಳ್ಳುವವರಿರಲಿಲ್ಲ. ಇನ್ನು ಉಳಿದದ್ದು ಕೈಚೀಲದ್ದೊಂದೇ. ಎಲ್ಲಿ ಅದೂ ಕೆಟ್ಟೀತೋ ಎಂದು ಮತ್ತೆ ಅಂಗಡಿಯ ಯಂತ್ರಕ್ಕೆ ಕೊಡಲು ಕಾಕಾಗೆ ಧೈರ್ಯ ಬರಲಿಲ್ಲ. ದೇವರ ದಯೆ, ಮೈಲಿಗೆಯದನ್ನು ತೊಳೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಕೆಲವು ವರ್ಷಗಳ ಮೇಲೆ ಹಾಡುಗಳ ಮೇಲೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಕಲಬುರ್ಗಿಯಿಂದ ಹುಡುಕಿಕೊಂಡು ಬಂದಳು. ಕಾಕಾ ಚೀಲ ಇಳಿಸಿದರು. ಅವಳು ಲ್ಯಾಪ್‌ಟಾಪಿಗೆ ಸಿ.ಡಿ. ಹಾಕಿದಳು. ಅದು ಗರಗರ ಎಂದು ಸುಮ್ಮನಾಯಿತು. ಕಾಕಾ ಕಣ್ಣು ಮುಚ್ಚಿ ಕೈಮುಗಿದರು. ನಾನು ಸೆರಗು ಹಿಡಿದುಕೊಂಡು ನಿಂತೆ.

ಅವ್ವ ಹಾಡಿದಳು. ಆರತಿ ಎತ್ತುವ ಸಾಲಿಗೆ ಬಂದವಳೇ ನಡುವೆ ನಿಲ್ಲಿಸಿ, "ತಂಗೀ, ಹಾಲು ಉಕ್ಕಲಿಕತ್ತದ ನೋಡ!" ಎಂದು ಕೂಗಿ, ಮತ್ತೆ ಹಾಡು ಹಿಡಿದಳು.

"ಈ ಮಾತು ತೆಗೀಲೇನ್ರಿ ಅಜ್ಜಾರ?" ಎಂದಳು ಹುಡುಗಿ.

"ಏ, ಒಂದಕ್ಷರ ಮುಟ್ಟಬ್ಯಾಡವ್ವ!" ಎಂದು ಕಾಕಾ ಕೂಗಿದ್ದು ನನಗೆ ಅಡುಗೆಮನೆಯಲ್ಲಿ ಕೇಳಿಸಿತು. ಅಷ್ಟರಲ್ಲಿ ನಾನು ಅಲ್ಲಿಗೆ ಓಡಿಬಂದಿದ್ದೆ.

ಒಲೆಯ ಮೇಲೆ ಹಾಲಿರಲಿಲ್ಲ.