ಅತ್ತೆಯ ದೆವ್ವಕ್ಕೆ ಆದ ಅನ್ಯಾಯ

ಮೈಸೂರಿನಲ್ಲಿ ದೆವ್ವದ ಪರವಾಗಿ ವಕಾಲತ್ತು ವಹಿಸಿದವರು ಯಾರಾದರೂ ಇದ್ದರೆ ಅದು ನನ್ನನ್ನು ಸಾಕಿದ ಸೋದರತ್ತೆ ಒಬ್ಬಳೇ!

ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಅತ್ತೆಯ ಆಸ್ತಿಯೆಂದರೆ ಒಂದು ದೆವ್ವದ ಕಾದಂಬರಿ. ಅದರ ಕೊನೆಯ ಹಾಳೆಗಳೇ ಇರಲಿಲ್ಲ. "ಜಿರಲೆ ತಿಂದ್ಬುಡ್ತು ಕಣೇ" ಎನ್ನುತ್ತಿದ್ದಳು. ಬೇರೆ ಯಾವ ಪುಸ್ತಕವನ್ನೂ ಮೂಸದ ಜಿರಲೆಗೆ ಇದರಲ್ಲಿ ಏನು ರುಚಿ ಕಂಡಿತೋ!

ಮಧ್ಯಾಹ್ನ ಬೀದಿಯ ಹೆಂಗಸರು ಅಕ್ಕಿಯ ಮೊರ ಹಿಡಿದು ನಮ್ಮ ಜಗಲಿಗೆ ಬಂದರೆ ಅತ್ತೆ ಗಟ್ಟಿಯಾಗಿ ಓದುವಳು. ಬಾಣಂತಿತನದಲ್ಲಿ ಸತ್ತ ಸೊಸೆ ದೆವ್ವವಾಗಿ ಬಂದು ಮಗುವಿನ ತೊಟ್ಟಿಲು ತೂಗುವ ಕಥೆ. ಭಯದ ಘಟ್ಟದಲ್ಲಿ ಕಲ್ಲಿನ ಜೊತೆಗೆ ಅಕ್ಕಿಯೂ ಅಂಗಳಕ್ಕೆ ಹಾರುತ್ತಿತ್ತು. ಹಾಳೆ ಮುಗಿದಲ್ಲಿಂದ ಅತ್ತೆ ಬಾಯಲ್ಲೇ ಹೇಳುವಳು: ದೆವ್ವ ಮಗಳಿಗೆ ಎರಡು ಜಡೆ ಹೆಣೆದು, ಹಣೆಗೆ ಮುತ್ತಿಟ್ಟು, ನಗುತ್ತಾ ಹೊರಟುಹೋಗುತ್ತದೆ. ತೊಟ್ಟಿಲ ಕೂಸಿಗೆ ಎರಡು ಜಡೆ ಎಲ್ಲಿಂದ ಬಂತೆಂದು ಯಾರೂ ಕೇಳುವಂತಿರಲಿಲ್ಲ!

ನಾನು ಹೈಸ್ಕೂಲಿಗೆ ಬಂದ ವರ್ಷ ಅದೇ ಕಥೆ ಸಿನಿಮಾ ಆಯಿತು. ಮ್ಯಾಟಿನಿಗೆ ಹೊರಟೆವು. ಅತ್ತೆಯ ಚೀಲದಲ್ಲಿ ಚಕ್ಕುಲಿ, ಕೈಯಲ್ಲಿ ಕಾದಂಬರಿ. ಹೆಂಗಸರ ಬೆಂಚಿನಲ್ಲಿ ಕೂತವಳೇ ತಪ್ಪು ಹಿಡಿಯತೊಡಗಿದಳು.

"ಪುಸ್ತಕದಲ್ಲಿ ಹಸಿರು ಸೀರೆ ಕಣ್ರೀ, ಇಲ್ಲಿ ಬಿಳೀದು ಉಡಿಸ್ಬುಟ್ಟವ್ರೆ!"

"ಕಪ್ಪು ಬಿಳುಪು ಪಿಚ್ಚರಿಗೆ ಹಸಿರು ಎಲ್ಲಿಂದ ತರೋದಮ್ಮಾ? ಕೂತ್ಕೊಳ್ಳಿ!" ಎಂದು ಗಂಡಸರ ಕಡೆಯಿಂದ ಯಾರೋ ಕೂಗಿದರು.

ಅಷ್ಟರಲ್ಲಿ ದೆವ್ವ ಹಾಡುತ್ತಾ ಕುಣಿಯಿತು. "ಬಾಣಂತಿ ಕಣಮ್ಮ ಅವ್ಳು! ಕಿವಿಗೆ ಹತ್ತಿ ಇಲ್ದೆ ಗಾಳೀಲಿ ಕುಣಿಸ್ತಾವ್ರಲ್ಲ, ಶೀತ ಆಗಲ್ವಾ?" ಸತ್ತವಳಿಗೆ ಶೀತ! ಹೆದರಲೆಂದೇ ಬಂದಿದ್ದ ಜನವೆಲ್ಲ ಹೊಟ್ಟೆ ಹಿಡಿದು ನಕ್ಕರು.

ಕೊನೆಗೆ ಮಂತ್ರವಾದಿ ಬಂದು ದೆವ್ವವನ್ನು ಕಟ್ಟಿ ಬೆಂಕಿಗೆ ಹಾಕಿದ. ಅದು ಮಗುವನ್ನು ಕರೆಯುತ್ತಾ ಕಿರುಚಿತು. ಅತ್ತೆ ಅಂಗೈಯಿಂದ ನನ್ನ ಕಣ್ಣು ಮುಚ್ಚಿಬಿಟ್ಟಳು. "ನೋಡ್ಬೇಡ ಕಣೇ, ಇದೆಲ್ಲಾ ಸುಳ್ಳು!"

ಆಟ ಮುಗಿದದ್ದೇ ಮ್ಯಾನೇಜರನ ಕೋಣೆಗೆ ನುಗ್ಗಿದಳು. "ಪುಸ್ತಕದಲ್ಲಿ ಇಂಗಿಲ್ಲ! ಕೊನೆ ಬದಲಾಯಿಸ್ರೀ!"

ಆತ ಪುಸ್ತಕ ತಿರುವಿ ನೋಡಿದ. "ಇದ್ರಲ್ಲಿ ಕೊನೇ ಹಾಳೆಗಳೇ ಇಲ್ವಲ್ರೀ?"

"ಹಾಳೆ ಇಲ್ದಿದ್ರೇನ್ರೀ? ನಾನಿಲ್ವಾ?"

ಮುಂದಿನ ತಿಂಗಳು ಸ್ಕೂಲಿನ ಲೈಬ್ರರಿಯಲ್ಲಿ ಅದೇ ಕಾದಂಬರಿಯ ಪೂರ್ತಿ ಪ್ರತಿ ಸಿಕ್ಕಿತು. ಅಲ್ಲೇ ನಿಂತು ಕೊನೆಯ ಹಾಳೆಗಳನ್ನು ಓದಿದೆ. ಮಂತ್ರವಾದಿ, ಬೆಂಕಿ, ಕಿರುಚಾಟ! ಪಾಪ, ಸಿನಿಮಾದವರು ಒಂದಕ್ಷರವೂ ತಪ್ಪಿರಲಿಲ್ಲ. ಸಿಕ್ಕಿಬಿದ್ದಳು ಅತ್ತೆ ಎಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ನಗುತ್ತಾ ಮನೆಗೆ ಹೊರಟೆ.

ಅರ್ಧ ದಾರಿಯಲ್ಲಿ ನಗು ನಿಂತುಹೋಯಿತು. ನಾನು ಹನ್ನೊಂದು ದಿನದ ಕೂಸಾಗಿದ್ದಾಗ ನನ್ನಮ್ಮ ತೀರಿಕೊಂಡಿದ್ದಳು. ಚಿಕ್ಕವಳಿದ್ದಾಗ ಯಾರೋ, ಬಾಣಂತಿಯರು ಸತ್ತರೆ ದೆವ್ವವಾಗುತ್ತಾರೆ ಎಂದಿದ್ದರು. "ನಮ್ಮಮ್ಮಾನೂ ದೆವ್ವಾನಾ ಅತ್ತೆ?" ಎಂದು ನಾನು ಅತ್ತಿದ್ದೆ. ಜಿರಲೆ ಆ ಹಾಳೆಗಳನ್ನು ತಿಂದದ್ದು ಅದೇ ವಾರ. ಆಗ ನನಗೆ ದಿನವೂ ಎರಡು ಜಡೆ ಹಾಕುತ್ತಿದ್ದವಳು ಅತ್ತೆ. ರಸ್ತೆಯಲ್ಲೇ ನನಗೆ ಅಳು ಬಂತು.

ಮನೆಗೆ ಬಂದಾಗ ಅತ್ತೆ ನನ್ನ ಚೀಲದಲ್ಲಿದ್ದ ಪುಸ್ತಕವನ್ನು ಕಂಡಳು. ಅಷ್ಟು ದೊಡ್ಡ ಗಂಟಲಿನವಳ ದನಿ ಸಣ್ಣಗಾಯಿತು.

"ಓದ್ಬುಟ್ಯಾ?"

"ಇಲ್ಲ ಅತ್ತೆ. ಇದ್ರಲ್ಲೂ ಕೊನೇ ಹಾಳೆಗಳನ್ನ ಜಿರಲೆ ತಿಂದ್ಬುಟ್ಟಿದೆ."

ಅತ್ತೆ ನನ್ನ ಮುಖ ನೋಡಿದಳು. ಆಮೇಲೆ ಬಾಚಣಿಗೆ ತಂದು ಕೂತಳು. ಒಂದೇ ಜಡೆ ಸಾಕೆಂದು ವರ್ಷದಿಂದ ಜಗಳವಾಡುತ್ತಿದ್ದ ನಾನು ಅಂದು ಸುಮ್ಮನೆ ಎರಡು ಹಾಕಿಸಿಕೊಂಡೆ.