ಮಾವನ ಪಂಚೆಯ ಮೇಲೆ ಭಾರತ ಗೆದ್ದದ್ದು

ಕೊಳ್ಳೇಗಾಲದ ಸೀರೆ ಅಂಗಡಿಯೊಂದರಲ್ಲಿ ನಾನು ಸೀರೆ ಬಿಚ್ಚಿ ತೋರಿಸುವವನು. ಜರಿಯಲ್ಲಿ ಎಲ್ಲಾದರೂ ಎಳೆ ತಪ್ಪಿದ್ದರೆ "ಇದೇ ಅಮ್ಮಾ ಈಗಿನ ಡಿಸೈನು" ಎನ್ನುತ್ತೇನೆ. ಅವರು ನಂಬುತ್ತಾರೆ. ಬಹಳ ವರ್ಷ ಬಹಳ ಜನ ಹೀಗೆ ನಂಬಿದ್ದರಿಂದ, ಏನನ್ನು ಬೇಕಾದರೂ ಯಾರನ್ನು ಬೇಕಾದರೂ ಒಪ್ಪಿಸಬಲ್ಲೆ ಎಂದು ನಾನೂ ನಂಬಿಬಿಟ್ಟೆ. ಆ ಭಾನುವಾರ ಹೊನ್ನೂರಿನಲ್ಲಿ ನಡೆದ ಅನಾಹುತಕ್ಕೆ ಇದೇ ಮೂಲ. ಏನನ್ನೂ ಸೇರಿಸದೆ, ಏನನ್ನೂ ಬಿಡದೆ, ನಡೆದ ಕ್ರಮದಲ್ಲೇ ಹೇಳುತ್ತೇನೆ.

ಯಳಂದೂರು ತಾಲ್ಲೂಕಿನ ಹೊನ್ನೂರು ನನ್ನ ಹೆಂಡತಿ ಮಂಗಳಳ ತವರು. ಮಾವ ಗುರುಮಲ್ಲಪ್ಪನವರಿಗೆ ಅಲ್ಲಿ ಗದ್ದೆ, ಕಬ್ಬು, ತೆಂಗು ಎಲ್ಲವೂ ಇದೆ. ಕಾಲುವೆಯ ಪಕ್ಕದ ಅರ್ಧ ಎಕರೆ ಮಾತ್ರ ಪಾಳು ಬಿದ್ದಿತ್ತು. ಮಾವನ ಮೊಮ್ಮಗಳು, ಅಂದರೆ ನನ್ನ ಬಾಮೈದನ ಮಗಳು ಚೈತ್ರ, ಊರಿನ ಹುಡುಗಿಯರನ್ನು ಕಟ್ಟಿಕೊಂಡು ಸಾಯಂಕಾಲ ಅಲ್ಲಿ ಫುಟ್‌ಬಾಲ್ ಆಡುತ್ತಿದ್ದಳು. ಜಿಲ್ಲಾ ತಂಡದ ಆಯ್ಕೆಗೆ ಅವಳ ಹೆಸರು ಹೋಗಿತ್ತು. ಅಷ್ಟರಲ್ಲಿ ಮಾವ ಆ ಜಾಗದಲ್ಲಿ ತೆಂಗಿನ ಸಸಿ ನೆಡಿಸಲು ತೀರ್ಮಾನಿಸಿದರು. ಸೋಮವಾರ ಗುಂಡಿ ತೆಗೆಯಲು ಆಳು ಬರುವುದೆಂದು ನಿಶ್ಚಯವಾಯಿತು. ಊರಿನಲ್ಲಿ ಚೆಂಡು ಒದೆಯಲು ಹುಡುಗಿಯರಿಗೆ ಬೇರೆ ಜಾಗವಿರಲಿಲ್ಲ.

ಚೈತ್ರ ಫೋನ್ ಮಾಡಿದ್ದು ನನಗಲ್ಲ, ಮಂಗಳಳಿಗೆ.

"ಅತ್ತೆ, ತಾತನ್ ತಾವ ನಾನೇ ಕೇಳ್ತೀನಿ. ನೀನೂ ಒಂದ್ ಮಾತು ಯೋಳು. ಮಾಮನ್ಗೆ ಮಾತ್ರ ಯೋಳ್ಬ್ಯಾಡ."

ಫೋನು ಸ್ಪೀಕರಿನಲ್ಲಿತ್ತು. ಒಂದು ಮಗುವಿನ ಆರ್ತನಾದ ಕಿವಿಗೆ ಬಿದ್ದ ಮೇಲೆ ಸುಮ್ಮನಿರುವುದು ಹೇಗೆ?

"ಮಾವನವರನ್ನು ನಾನು ಒಪ್ಪಿಸುತ್ತೇನೆ" ಎಂದೆ.

"ರೀ, ನಿಮ್ಗೆ ಫುಟ್‌ಬಾಲ್ ಗೊತ್ತಾ?" ಎಂದಳು ಮಂಗಳ.

"ನಿಮ್ಮಪ್ಪನಿಗೂ ಗೊತ್ತಿಲ್ಲವಲ್ಲ!"

ನನ್ನ ಯೋಜನೆ ಸರಳವಾಗಿತ್ತು. ಆ ಭಾನುವಾರ ಸಂಜೆ ನಮ್ಮ ದೇಶದ ಹದಿನೇಳು ವರ್ಷದೊಳಗಿನ ಹುಡುಗರ ತಂಡಕ್ಕೆ ವಿದೇಶದಲ್ಲಿ ಪಂದ್ಯವಿತ್ತು. ಮೊದಲು ಮಾವನಿಗೆ ಕಿರಿಯರ ತಂಡದ ಅಂತರರಾಷ್ಟ್ರೀಯ ಚರಿತ್ರೆಯನ್ನು ಹೇಳುವುದು, ಆಮೇಲೆ ಪಂದ್ಯ ತೋರಿಸುವುದು. ದೇಶಾಭಿಮಾನದಿಂದ ಎದೆ ಉಬ್ಬುತ್ತದೆ, ಗುಂಡಿ ನಿಲ್ಲುತ್ತದೆ. ಚರಿತ್ರೆ ಓದಿಕೊಳ್ಳಲು ಕೊಳ್ಳೇಗಾಲದಿಂದ ಯಳಂದೂರಿನವರೆಗಿನ ಬಸ್ಸೇ ಸಾಕಾಯಿತು. ನಡುವೆ ಒಂದು ನಿದ್ದೆಯನ್ನೂ ಮಾಡಿದೆ. ಅಷ್ಟು ಸಂಕ್ಷಿಪ್ತ ಚರಿತ್ರೆ ಅದು!

ಜಗಲಿಯ ಮೇಲೆ ಮಾವ, ಪಕ್ಕದ ಮನೆಯ ಬಸವಣ್ಣ, ಇನ್ನೂ ಕೆಲವರು ಕೂತಿದ್ದರು. ನಾನು ನಿಂತುಕೊಂಡೇ ಆರಂಭಿಸಿದೆ.

"ನಮ್ಮ ಹುಡುಗರು ವಿಶ್ವಕಪ್ಪನ್ನೇ ಆಡಿದ್ದಾರೆ ಮಾವ!"

"ಔದಾ? ಎಲ್ಲಾರ್ನೂ ಗೆದ್ಕಂಡು ಓದ್ರಾ?"

"ಹಾಗಲ್ಲ. ಆ ಸಲ ಟೂರ್ನಿ ನಡೆಸಿದ್ದು ನಮ್ಮ ದೇಶವೇ. ಆತಿಥೇಯರಿಗೆ ನೇರ ಪ್ರವೇಶ."

ಮಾವ ಜಗಲಿಯವರ ಕಡೆ ತಿರುಗಿದರು. "ಅಂದ್ರೆ ನಮ್ಮನೆ ಮದ್ವೇಲಿ ನಾವೇ ಪಂಕ್ತೀಲಿ ಕುಂತ್ಕಂಡು, ನಮ್ನೂ ಊಟಕ್ಕೆ ಕರ್ದಿದ್ರು ಅಂತ ಯೋಳ್ಕಂಡಂಗೆ."

ಜಗಲಿ ನಕ್ಕಿತು.

"ಓಗ್ಲಿ, ಊಟನಾದ್ರೂ ಸಿಕ್ತಾ ಅಳಿಮಯ್ಯ?"

"ಮೂರು ಪಂದ್ಯ ಆಡಿದರು. ಮೂರರಲ್ಲೂ ಅನುಭವ ಸಿಕ್ಕಿತು. ಒಂದು ಗೋಲು ಹೊಡೆದರು."

"ಮೂರಾಟಕ್ಕೆ ಒಂದಾ!"

"ಐತಿಹಾಸಿಕ ಗೋಲು ಮಾವ! ಅದರಿಂದ ಆಟ ಸಮವಾಯಿತು. ಜನ ಎಲ್ಲ ಎದ್ದು ನಿಂತರು."

"ಆಮೇಕೆ?"

"ಜನ ಕೂರುವುದರೊಳಗೆ ಎದುರಾಳಿಗಳು ಇನ್ನೊಂದು ಹೊಡೆದರು."

ಬಸವಣ್ಣನಿಗೆ ಕೆಮ್ಮು ಬಂತು. ಬಾಗಿಲಲ್ಲಿ ನಿಂತ ಚೈತ್ರ ಸಾಕು ಸಾಕು ಎಂದು ಕೈಸನ್ನೆ ಮಾಡುತ್ತಿದ್ದಳು. ಪ್ರೋತ್ಸಾಹವೆಂದು ತಿಳಿದು ಮುಂದುವರಿದೆ. ಐವತ್ತು ವರ್ಷದ ಹಿಂದೆ ನಮ್ಮ ಕಿರಿಯರು ಏಷ್ಯಾದ ಕಪ್ಪನ್ನು ಇರಾನಿನೊಂದಿಗೆ ಜಂಟಿಯಾಗಿ ಗೆದ್ದಿದ್ದನ್ನು ಹೇಳಿದೆ. ಇವತ್ತು ಸಂಜೆಯೂ ಪಂದ್ಯವಿದೆ, ಕಾಲುವೆ ಪಕ್ಕದ ಜಾಗ ಉಳಿಸಿದರೆ ನಮ್ಮ ಹುಡುಗಿಯರೂ ವಿಶ್ವಕಪ್ ತರುತ್ತಾರೆ ಎಂದೂ ಸೇರಿಸಿದೆ.

"ಅರ್ಧ ಕಪ್ಪು" ಎಂದರು ಮಾವ. "ಭಾಗ ಆಗಿ ಐವತ್ತು ವರ್ಸ ಆಗದೆ, ಇನ್ನೂ ಅದ್ನೇ ಯೋಳ್ಕಂಡು ತಿರುಗ್ತಿದ್ದೀರಾ? ಬುಡಿ, ಇವತ್ತಿನ್ ಆಟ ತೋರ್ಸಿ. ಗೆದ್ರೆ ಜಾಗ ಬುಟ್ಕೊಡ್ತೀನಿ. ಸೋತ್ರೆ ಸಸಿ."

ಈ ಚರಿತ್ರೆಯನ್ನು ಆಗತಾನೇ ಸ್ವಂತ ಬಾಯಿಂದ ಹೇಳಿ ಮುಗಿಸಿದ ಯಾವ ಮನುಷ್ಯನೂ ಈ ಷರತ್ತಿಗೆ ಒಪ್ಪಬಾರದು. ನಾನು ಒಪ್ಪಿದೆ!

ಮದುವೆ ವಿಡಿಯೋ ತೆಗೆಯುವ ಗೆಳೆಯನೊಬ್ಬನಿಂದ ಪ್ರೊಜೆಕ್ಟರ್ ತಂದಿದ್ದೆ. ಪರದೆಗೆ ಮಾವನದೇ ಬಿಳಿ ಪಂಚೆ. ಅಂಗಳದ ಎರಡು ತೆಂಗಿನ ಮರಗಳ ನಡುವೆ ಎಳೆದು ಕಟ್ಟಿದೆ. ಮೊಬೈಲಿನಲ್ಲಿ ಹುಡುಕಿದರೆ, ಪಂದ್ಯ ತೋರಿಸುವ ಕಡೆ ಚಂದಾ ಕಟ್ಟಿ ಎಂದಿತು. ಅದರ ಕೆಳಗೇ ಕೆಂಪು ಅಕ್ಷರದಲ್ಲಿ 'ಲೈವ್' ಎಂದು ಇನ್ನೊಂದು ಇತ್ತು. ಅದೇ ದೇಶ, ಅದೇ ಎದುರಾಳಿ, ಪೂರಾ ಪುಕ್ಕಟೆ. ದುಡ್ಡು ಕೊಟ್ಟು ನೋಡುವ ಮೂರ್ಖರ ಬಗ್ಗೆ ಮರುಕಪಡುತ್ತಾ ಅದನ್ನು ಒತ್ತಿದೆ.

ಪಂಚೆಯ ಮೇಲೆ ನೀಲಿ ಅಂಗಿಯ ನಮ್ಮವರು ಓಡತೊಡಗಿದರು. ಅರ್ಧ ಊರು ಅಂಗಳದಲ್ಲಿತ್ತು.

"ಜನ ಎಲ್ಲಾ ಒಂದೇ ಸಲಕ್ಕೆ ಕೈ ಎತ್ತಿ ಒಂದೇ ಸಲಕ್ಕೆ ಇಳ್ಸ್ತಾವ್ರಲ್ಲ?" ಎಂದ ಬಸವಣ್ಣ.

"ವಿದೇಶದ ಜನ. ಶಿಸ್ತು" ಎಂದೆ.

"ಯಾರ್ಗೂ ಬೆವ್ರೇ ಇಲ್ವಲ್ಲ?"

"ಅಲ್ಲಿ ಚಳಿ."

"ಇವುನ್ದೂ ಅವುನ್ದೂ ಒಂದೇ ಮಕ ಕಣ್ರಿ!"

"ಅಣ್ಣ ತಮ್ಮಂದಿರು."

"ನಾಕ್ ಜನ್ವೂನಾ?"

"ತುಂಬಿದ ಮನೆ!"

ಗೋಲ್‌ಕೀಪರನ ಕಾಲು ಗೋಲಿನ ಕಂಬದೊಳಕ್ಕೆ ಹೋಗಿ ಆಚೆ ಕಡೆಯಿಂದ ಬಂದದ್ದನ್ನು ನಾನು ಸ್ಪಷ್ಟವಾಗಿ ನೋಡಿದೆ. ಇಷ್ಟೂ ಜನರ ನಡುವೆ ಇದನ್ನು ತಂತ್ರವೆಂದು ವಿವರಿಸಿದವನು ನಾನೇ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ. ಚೈತ್ರ ಬಂದು ನನ್ನ ಅಂಗಿಯ ತೋಳು ಎಳೆದಳು.

"ಮಾಮ, ಇದು ನಿಜ್ವಾದ..."

"ಸುಮ್ಮನಿರವ್ವ, ಗೆಲ್ಲುತ್ತಿದ್ದೇವೆ!"

ಗೆದ್ದೆವು. ಐದು ಸೊನ್ನೆ! ಮಾವ ಎದ್ದು ಬಂದು ನನ್ನನ್ನು ತಬ್ಬಿಕೊಂಡರು. ಮದುವೆಯ ದಿನವೂ ತಬ್ಬಿರಲಿಲ್ಲ. ಯಾರೋ ಉಳಿದಿದ್ದ ಪಟಾಕಿ ಹಚ್ಚಿದರು. ಮಾವ ಅಲ್ಲೇ ಆಳು ಕಳಿಸುವ ಮೇಸ್ತ್ರಿಗೆ ಫೋನ್ ಮಾಡಿ, "ನಾಳೀಕೆ ಬರ್ಬ್ಯಾಡ ಕಣ್ಲಾ, ಗುಂಡಿ ಬ್ಯಾಡ" ಎಂದರು. ನಾನು ಮಂಗಳಳ ಕಡೆ ನೋಡಿದೆ. ಆ ನೋಟದಲ್ಲಿ ಏನಿತ್ತೆಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ಆಗ ಪಂಚೆಯ ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರಗಳು ಮೂಡಿದವು.

"ಅದೇನ್ ಬರ್ದವ್ರೆ ಓದವ್ವ" ಎಂದರು ಮಾವ, ಮೊಮ್ಮಗಳಿಗೆ.

ಚೈತ್ರ ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಓದಿದಳು. "ಮತ್ತೆ ಆಡ್ಬೇಕಂದ್ರೆ ಗುಂಡಿ ಒತ್ತಿ ಅಂತ ಅದೆ ತಾತ."

"ಯಾವ್ ಗುಂಡಿ? ಈಗ್ತಾನೆ ಗುಂಡಿ ಬ್ಯಾಡ ಅಂದ್ನಲ್ಲ!"

"ಆ ಗುಂಡಿ ಅಲ್ಲ. ಇದು ಗೇಮು ತಾತ, ಬೊಂಬೆ ಆಟ. ಯಾರೋ ಒಬ್ಬ ಮನೇಲಿ ಕುಂತ್ಕಂಡು ಎರಡ್ ಕಡೆಗೂ ಅವ್ನೇ ಆಡ್ತಾವ್ನೆ."

ಪಟಾಕಿಯ ಹೊಗೆ ಇನ್ನೂ ಅಂಗಳದಲ್ಲಿತ್ತು.

"ಅಂಗಾರೆ ಗೆದ್ದೋನು?" ಎಂದ ಬಸವಣ್ಣ.

"ಅವ್ನೇ."

"ಸೋತೋರು?"

"ನಾವು ಕಣ್ಲಾ!" ಎಂದು ಮಾವ ಗುಡುಗಿದರು. ಆಮೇಲೆ ನನ್ನ ಕಡೆ ತಿರುಗಿದರು. "ಲೇ, ನನ್ ಪಂಚೆ ಬಿಚ್ಕೊಡ್ಲಾ."

ಮದುವೆಯಾದಂದಿನಿಂದ ಜೋಪಾನವಾಗಿದ್ದ ನನ್ನ ಬಹುವಚನ ಆ ಕ್ಷಣದಲ್ಲಿ ಹೋಯಿತು. ಇನ್ನೂ ವಾಪಸ್ ಬಂದಿಲ್ಲ.

ಗಂಟು ಬಿಚ್ಚುತ್ತಾ ನೋಡಿದೆ. ಮಾವ ಮತ್ತೆ ಮೇಸ್ತ್ರಿಯ ನಂಬರು ಹುಡುಕುತ್ತಿದ್ದರು. ಹುಡುಗಿಯರು ಬಾಗಿಲ ಹತ್ತಿರ ಒಬ್ಬರನ್ನೊಬ್ಬರು ಒತ್ತಿಕೊಂಡು ನಿಂತಿದ್ದರು. ಅವರಲ್ಲಿ ಒಬ್ಬಳು ಆಗಲೇ ಅಳಲು ಶುರುಮಾಡಿದ್ದಳು. ಚೈತ್ರ ನೇರವಾಗಿ ಹೋಗಿ ತಾತನ ಮುಂದೆ ನಿಂತಳು.

"ತಾತ, ವಿಶ್ವಕಪ್ ಗೆಲ್ತೀವಿ ಅಂತ ನಾವ್ಯಾರೂ ಅನ್ನಿಲ್ಲ. ಸಾಯಂಕಾಲ ಆಡ್ಕತೀವಿ, ಆ ಜಾಗ ಬುಡು ಅಂತ ಕೇಳೋಕಿದ್ವಿ, ಅಷ್ಟೇಯ."

ಮಾವ ಫೋನು ಕೆಳಗಿಳಿಸಿದರು. "ಅಷ್ಟೇನಾ? ಆಡ್ಕಳಿ. ಸಸಿ ಬದುವಿನ್ ಮ್ಯಾಲೆ ಹಾಕುಸ್ತೀನಿ. ಅದ್ನ ಮೊದ್ಲೇ ಯೋಳಕ್ಕೇನಾಗಿತ್ತವ್ವ?"

"ಯೋಳಕ್ಕೆ ಮಾಮ ಬುಡ್ಬೇಕಲ್ಲ!"

ಹೀಗೆ, ಆ ಜಾಗಕ್ಕೂ ಹುಡುಗಿಯರಿಗೂ ನಡುವೆ ಇದ್ದ ಏಕೈಕ ಅಡ್ಡಿ ನಾನೇ ಎಂಬುದು ಅರ್ಧ ಊರಿನ ಸಮಕ್ಷಮದಲ್ಲಿ ಸಾಬೀತಾಯಿತು. ಮಾವ ಒಂದೇ ಷರತ್ತು ಹಾಕಿದರು. "ನಿಮ್ ಮಾಮ ಬದು ದಾಟಿ ಒಳಕ್ ಬರಂಗಿಲ್ಲ."

ಮುಂದಿನ ವಾರ ಮಂಗಳಳ ಜೊತೆ ಹೋದಾಗ ಷರತ್ತನ್ನು ಗೌರವಿಸಿ ರಸ್ತೆಯಲ್ಲೇ ನಿಂತು ಆಟ ನೋಡಿದೆ. ಎಲ್ಲರೂ ಬೆವರುತ್ತಿದ್ದರು. ಎಲ್ಲರಿಗೂ ಬೇರೆ ಬೇರೆ ಮುಖ. ಚೆಂಡೊಂದು ಉರುಳಿ ಬಂದು ನನ್ನ ಕಾಲಿನ ಮುಂದೆಯೇ ನಿಂತಿತು. ಹುಡುಗಿಯರೆಲ್ಲ ನನ್ನನ್ನೇ ನೋಡಿದರು. ಮಾನ ಉಳಿಸಿಕೊಳ್ಳಲು ಇಂಥ ಅವಕಾಶ ಮತ್ತೆ ಸಿಗುವುದಿಲ್ಲ! ಎರಡು ಹೆಜ್ಜೆ ಹಿಂದೆ ಸರಿದು, ಓಡಿ ಬಂದು, ಬಲವಾಗಿ ಒದ್ದೆ.

ಚೆಂಡು ಅಲ್ಲೇ ಇತ್ತು. ಚಪ್ಪಲಿ ಮೈದಾನದ ನಡುವೆ ಬಿತ್ತು.

"ಅವುನ್ ಚಪ್ಲೀನೂ ಒಳಕ್ ಬರಂಗಿಲ್ಲ! ಆಚೆಗೆ ಎಸೀರವ್ವ!" ಎಂದು ಮಾವ ಬದುವಿನ ಮೇಲಿಂದ ಕೂಗಿದರು.

ಚಪ್ಪಲಿ ಆಚೆಗೆ ಬಂತು. ಮಂಗಳ ಅದನ್ನು ಕಾಲಿನಿಂದ ನನ್ನ ಕಡೆ ಸರಿಸಿದಳು.

"ರೀ, ಚೆಂಡನ್ನ ಕೈಯಲ್ಲಿ ಕೊಡಿ, ಸಾಕು" ಎಂದಳು.

ಕೈಯಲ್ಲೇ ಕೊಟ್ಟೆ.