ಬೆಳ್ಳಾರೆ ಪೇಟೆಯ ಕಂಚಿನ ಜಟಾಯು

ನನ್ನ ಚಿಕ್ಕಪ್ಪನ ಕಣ್ಣಿಗೆ ಕಂಚಿನ ಪಾತ್ರೆ ಬೀಳಬಾರದು ಎಂದು ನಮ್ಮ ನೆಂಟರೆಲ್ಲ ಒಂದು ಕಾಲದಲ್ಲಿ ಹುಷಾರಾಗಿದ್ದರು. ಚಿಕ್ಕಪ್ಪ ಕಳ್ಳರೆಂದುಕೊಂಡಿರಾ? ಛೆ! ಕಳ್ಳನಾದರೆ ತಂಬಿಗೆಯನ್ನು ತಂಬಿಗೆಯಾಗಿಯೇ ಒಯ್ಯುತ್ತಾನೆ. ಇವರು ಅದನ್ನು ಕೇಳಿ ಒಯ್ದು, ಕರಗಿಸಿ, ಮತ್ತೇನನ್ನೋ ಮಾಡಿ, ನಗುನಗುತ್ತಾ ತಂದು ತೋರಿಸುತ್ತಿದ್ದರು!

ಇದು ಅರುವತ್ತನೇ ಇಸವಿಯ ಆಸುಪಾಸಿನ ಮಾತು. ಬೆಳ್ಳಾರೆಯ ಹತ್ತಿರ ನಮ್ಮದು ಬೇಸಾಯದ ಮನೆ. ಎರಕ ಹೊಯ್ದವರು ಮನೆತನದಲ್ಲಿ ಯಾರೂ ಇಲ್ಲ. ಚಿಕ್ಕಪ್ಪ ಪುತ್ತೂರಿಗೆ ಹೋದವರು ಯಾರೋ ಗಂಟೆ ಎರಕ ಹೊಯ್ಯುವುದನ್ನು ನಿಂತು ನೋಡಿದರು. ಸಂಜೆ ಬಸ್ಸಿನಿಂದ ಇಳಿಯುವಾಗ ಶಿಲ್ಪಿಯಾಗಿದ್ದರು! ಅವರ ಮೊದಲ ಗಂಟೆಯನ್ನು ಬಾರಿಸಿದರೆ ಯಾರೋ ಕೆಮ್ಮಿದ ಹಾಗೆ ಕೇಳುತ್ತಿತ್ತು. "ಬಿಸಿನೀರು ಬೇಕಾ?" ಎಂದು ಚಿಕ್ಕಮ್ಮ ಒಳಗಿನಿಂದಲೇ ವಿಚಾರಿಸಿದ್ದುಂಟು.

ಆಮೇಲೆ ಜೇನುಮೇಣದ ಹುಚ್ಚು. ಮೂರ್ತಿಯನ್ನು ಮೊದಲು ಮೇಣದಲ್ಲಿ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಇಳಿಸಿ, ಆ ಟೊಳ್ಳಿಗೆ ಕಂಚು ಹೊಯ್ಯಬೇಕಂತೆ. ಜೇನುಪೆಟ್ಟಿಗೆ ಇಟ್ಟವರ ಮನೆಗೆ ಹೋಗಿ, ಜೇನು ಬೇಡ, ಮೇಣ ಮಾತ್ರ ಕೊಡಿ ಎಂದವರು ಈ ಸೀಮೆಯಲ್ಲಿ ಅವರೊಬ್ಬರೇ ಇರಬೇಕು.

ಒಂದು ಬೇಸಗೆ ಪೂರ್ತಿ ಹೊಗೆ ಕುಡಿದು ಚಿಕ್ಕಪ್ಪ ಜಟಾಯುವನ್ನು ಮಾಡಿದರು. ಒಂದು ರೆಕ್ಕೆ ಕಡಿದುಹೋಗಿದೆ, ಇನ್ನೊಂದನ್ನು ಎತ್ತಿ ಕೊಕ್ಕು ತೆರೆದು ನಿಂತಿದೆ, ಮೊಣಕಾಲೆತ್ತರ. ನಾಲ್ಕು ಜನ ನೋಡದಿದ್ದರೆ ಶಿಲ್ಪಿಗೆ ನಿದ್ದೆ ಬರುತ್ತದೆಯೇ? ಬೆಳ್ಳಾರೆಯಲ್ಲಿ ಅಡಿಕೆ ವ್ಯಾಪಾರದ ಬ್ಯಾರಿ ಸ್ನೇಹಿತರೊಬ್ಬರಿದ್ದರು. ಬಸ್ಸು ನಿಲ್ಲುವುದು ಅವರ ಅಂಗಡಿಯ ಎದುರಿಗೇ.

"ಇಡಿ ಮಾರಾಯ್ರೆ, ನನಗೆಂತ? ಅದು ಅಡಿಕೆ ತಿನ್ನುದಿಲ್ಲವಲ್ಲ!" ಎಂದು ಅವರು ಜಗಲಿ ಬಿಟ್ಟುಕೊಟ್ಟರು.

ಸಂತೆಯ ದಿನ ಜನ ಸೇರಿತು. ನಮ್ಮ ಕಡೆಯವರಿಗೆ ಹುಂಜಗಳನ್ನು ಕಾದಿಸುವ ಕೋಳಿ ಅಂಕವೆಂದರೆ ಪ್ರಾಣ. ರೆಕ್ಕೆ ಎತ್ತಿ ನಿಂತದ್ದೆಲ್ಲ ಅವರಿಗೆ ಹುಂಜವೇ!

"ಇದು ಯಾವ ಅಂಕದ ಕೋಳಿ ಗೌಡ್ರೆ?"

"ಕಾಲಿಗೆ ಕತ್ತಿ ಕಟ್ಟುದು ಮರೆತುಹೋಯ್ತಾ?"

"ಇನ್ನೊಂದು ರೆಕ್ಕೆಗೆ ಕಂಚು ಸಾಲಲಿಲ್ಲವಾ ಎಂತ?"

"ಜಟಾಯು ಮಾರಾಯ್ರೆ, ಜಟಾಯು!" ಎಂದು ಚಿಕ್ಕಪ್ಪ ಬಾಯಿ ಬಡಿದುಕೊಂಡರು. ಅಂಕದಲ್ಲಿ ತಲೆ ನರೆತವನೊಬ್ಬ ಮೂರ್ತಿಗೆ ಒಂದು ಸುತ್ತು ಬಂದು, ಬಗ್ಗಿ ನೋಡಿ, ತೀರ್ಪು ಕೊಟ್ಟ: "ಯಾವುದೇ ಇರಲಿ, ಇದು ಸೋತ ಕೋಳಿ. ಸೋತದ್ದನ್ನು ಸಾರು ಮಾಡುದು. ಮೂರ್ತಿ ಮಾಡುದುಂಟಾ?"

ಪೇಟೆಗೆ ಪೇಟೆಯೇ ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ? ಆದರೆ ಎಷ್ಟು ಹಾಸ್ಯ ಮಾಡಿದರೂ ತಾವೇ ಮೊದಲು ನಗುತ್ತಿದ್ದ ಚಿಕ್ಕಪ್ಪನ ಮುಖ ಆ ದಿನ ಸಣ್ಣದಾಗಿತ್ತು. "ಬಸ್ಸಿಗೆ ಹಾಕುವ. ಮನೆಗೆ ಹೋಗಿ ಕರಗಿಸಿಬಿಡುದು" ಎಂದರು.

ಸಂತೆಗೆ ಬಂದಿದ್ದ ಚಿಕ್ಕಮ್ಮ ಬುಟ್ಟಿ ಕೆಳಗಿಟ್ಟರು. ಪೇಟೆಯಲ್ಲಿ ಗಂಡಸರೆದುರು ಅವರು ಬಾಯಿ ತೆರೆದದ್ದನ್ನು ಕಂಡವರಿಲ್ಲ.

"ಸೋತದ್ದು ಹೌದು" ಎಂದರು. "ಆದ್ರೆ ಹೆಂಗಸು ಕೂಗುವಾಗ ಎದ್ದು ಬಂದದ್ದು ಈ ಮುದಿ ಹಕ್ಕಿ ಒಂದೇ. ಗೆಲ್ಲುವವರೆಲ್ಲ ಆಗ ಎಲ್ಲಿದ್ರು? ಇದನ್ನು ಕರಗಿಸಿದ್ರೆ ನಾನು ಮನೆಗೆ ಬರುದಿಲ್ಲ."

ಅಂಗಡಿಯ ಬ್ಯಾರಿಗಳು ಹೆಗಲಿನ ವಸ್ತ್ರದಿಂದ ಜಟಾಯುವಿನ ಬೆನ್ನಿನ ಧೂಳು ಒರೆಸಿ, "ಇದು ಇಲ್ಲೇ ಇರ್ಲಿ ಗೌಡ್ರೆ" ಎಂದರು.

ಚಿಕ್ಕಮ್ಮನಿಗೆ ಮಕ್ಕಳಾಗಿರಲಿಲ್ಲ. ಹಿಂದೊಮ್ಮೆ ಅವರನ್ನು ತವರಿಗೆ ಕಳಿಸಿ ಇನ್ನೊಬ್ಬಳನ್ನು ತರುವುದೆಂದು ನಮ್ಮ ಹಿರಿಯರು ಊಟದ ಪಂಕ್ತಿಯಲ್ಲೇ ನಿಶ್ಚಯಿಸಿದ ದಿನ, ಒಳಗೆ ಅವರು ಅಳುವುದು ಎಲ್ಲರಿಗೂ ಕೇಳುತ್ತಿತ್ತು. ಎಲೆ ಬಿಟ್ಟು ಎದ್ದವರು ಚಿಕ್ಕಪ್ಪ ಒಬ್ಬರೇ. ಹೆಂಡತಿಯನ್ನು ಬಿಡೆನೆಂಬ ಆ ಹಟಕ್ಕೆ, ಆಸ್ತಿ ಪಾಲಾಗುವಾಗ ಒಳ್ಳೆಯ ಗದ್ದೆಗಳೆಲ್ಲ ಅವರ ಕೈತಪ್ಪಿದವು.

ಸಂಜೆ ಬಸ್ಸಿನಲ್ಲಿ ಅವರಿಬ್ಬರ ಹಿಂದಿನ ಸೀಟಿನಲ್ಲಿ ನಾನಿದ್ದೆ. ಚಿಕ್ಕಪ್ಪ ಮೆಲ್ಲನೆ ಕೇಳಿದರು: "ಜಟಾಯುವನ್ನೇ ಯಾಕೆ ಮಾಡಿದ್ದು ಅಂತ ನಿನಗೆ ಗೊತ್ತಾಯ್ತಾ?"

"ನನಗಲ್ಲದೆ ಮತ್ತೆ ಯಾರಿಗೆ ಗೊತ್ತಾಗುದು?" ಎಂದು ಚಿಕ್ಕಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದರು.